ಮನೆ ಲಿಸ್ಟಿಂಗ್‌ನಲ್ಲಿ ಕಾಣುವ ಗ್ರೇಟ್‌ಸ್ಕೂಲ್ಸ್ ರೇಟಿಂಗ್: ಎಲ್ಲಿವರೆಗೆ ನಂಬಬಹುದು?

ಅಮೆರಿಕದಲ್ಲಿ ಮಕ್ಕಳಿರುವವರು ಮನೆ ಹುಡುಕುವಾಗ ಜಿಲೋ ಅಥವಾ ರೆಡ್‌ಫಿನ್‌ನಂಥ ಮನೆ ಹುಡುಕುವ ಜಾಲತಾಣ ತೆರೆದು, ಫೋಟೋಗಳನ್ನು ಸರಸರ ದಾಟಿ ‘ಸ್ಕೂಲ್ಸ್’ ಭಾಗಕ್ಕೆ ಇಳಿಯುತ್ತಾರೆ. ಅಲ್ಲಿ ಮೂರು ಶಾಲೆಗಳ ಹೆಸರು, ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಎಂಬ ಅಂಕ. 8 ಅಥವಾ 9 ಇದ್ದರೆ ಮನೆ ಪಟ್ಟಿಯಲ್ಲಿ ಉಳಿಯುತ್ತದೆ, 5 ಇದ್ದರೆ ಅಲ್ಲೇ ಹೋಯಿತು. ಆ ಅಂಕ ಕೊಡುವುದು 1998ರಲ್ಲಿ ಶುರುವಾದ ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆ. ಪುಕ್ಕಟೆ ಸಿಗುತ್ತದೆ, ಬಳಸಲು ಸುಲಭ. ಊರಿನ ಗಂಧಗಾಳಿ ಇಲ್ಲದವರು ಐವತ್ತು ಮನೆಗಳನ್ನು ಹತ್ತಕ್ಕೆ ಇಳಿಸಿಕೊಳ್ಳಲು ಖಂಡಿತ ಬಳಸಬೇಕು. ಆ ಹತ್ತರಲ್ಲಿ ಒಂದನ್ನು ಆರಿಸಿ ಸಹಿ ಹಾಕಲು ಮಾತ್ರ ಇದು ಸಾಲದು. ಅಂಕದ ಅರ್ಥವನ್ನೇ ತಪ್ಪು ತಿಳಿದುಕೊಂಡಿರಬಹುದು. ಅದಕ್ಕಿಂತ ದುಬಾರಿಯಾದದ್ದು, ಆ ಶಾಲೆ ಆ ಮನೆಗೆ ಸೇರಿದ್ದೇ ಆಗಿರದಿರಬಹುದು.

ಮೊದಲು ಅಂಕದ ವಿಚಾರ. 1ರಿಂದ 4 ಸರಾಸರಿಗಿಂತ ಕೆಳಗೆ, 5 ಮತ್ತು 6 ಸರಾಸರಿ, 7ರಿಂದ 10 ಸರಾಸರಿಗಿಂತ ಮೇಲೆ. ಈ ಹೋಲಿಕೆ ಅದೇ ರಾಜ್ಯದ ಶಾಲೆಗಳ ಜತೆ ಮಾತ್ರ. ಟೆಕ್ಸಸ್‌ನ 8 ಮತ್ತು ಕ್ಯಾಲಿಫೋರ್ನಿಯಾದ 8 ಒಂದೇ ಅಲ್ಲ, ಏಕೆಂದರೆ ಎರಡೂ ರಾಜ್ಯಗಳ ಪರೀಕ್ಷೆಗಳೇ ಬೇರೆ. ಕೆಲಸ ಬದಲಾಗಿ ರಾಜ್ಯ ದಾಟುವವರು ಇಲ್ಲಿ ಎಡವುವುದು ಬಹಳ. ಅಂಕದ ಮೇಲೆ ಒತ್ತಿದರೆ ಒಳಗೆ ಎರಡು ಮೂರು ಬಿಡಿ ಅಂಕಗಳು ಸಿಗುತ್ತವೆ: ಟೆಸ್ಟ್ ಸ್ಕೋರ್, ಸ್ಟೂಡೆಂಟ್ ಪ್ರೋಗ್ರೆಸ್, ಹೈಸ್ಕೂಲ್ ಆದರೆ ಕಾಲೇಜ್ ರೆಡಿನೆಸ್ (ಕಾಲೇಜಿಗೆ ಮಕ್ಕಳು ಎಷ್ಟು ಸಿದ್ಧ ಎಂಬುದು). ನಿಜವಾಗಿ ಓದಬೇಕಾದದ್ದು ಇವನ್ನು.

ಟೆಸ್ಟ್ ಸ್ಕೋರ್ ಹೇಳುವುದು ಆ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಎಷ್ಟು ತೆಗೆದರು ಎಂದು. ಮನೆಯಲ್ಲೇ ಓದಿಸುವ, ಟ್ಯೂಷನ್‌ಗೆ ಕಳಿಸುವ ಅನುಕೂಲಸ್ಥರ ಮಕ್ಕಳೇ ತುಂಬಿರುವ ಶಾಲೆ ಪಾಠ ಹೇಗೇ ಮಾಡಲಿ, ಈ ಸಾಲಿನಲ್ಲಿ ಮೇಲೇ ಇರುತ್ತದೆ. ಪ್ರೋಗ್ರೆಸ್ ಹೇಳುವುದು ಅದೇ ಮಕ್ಕಳು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಎಷ್ಟು ಮುಂದೆ ಹೋದರು ಎಂದು. ಒಂದು ಶಾಲೆಗೆ ಒಟ್ಟು 8, ಟೆಸ್ಟ್ 9, ಪ್ರೋಗ್ರೆಸ್ 5 ಎಂದಿಟ್ಟುಕೊಳ್ಳಿ. ಇನ್ನೊಂದಕ್ಕೆ ಒಟ್ಟು 7, ಟೆಸ್ಟ್ 6, ಪ್ರೋಗ್ರೆಸ್ 9. ಕಲಿಸುವ ಕೆಲಸ ಹೆಚ್ಚು ನಡೆಯುತ್ತಿರುವ ಸುಳಿವು ಎರಡನೆಯದರಲ್ಲಿದೆ, ಆ ಶಾಲೆಯ ಸುತ್ತ ಮನೆಯೂ ಬಹುತೇಕ ಅಗ್ಗಕ್ಕೆ ಸಿಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಜುಕೇಷನಲ್ ಆಪರ್ಚುನಿಟಿ ಪ್ರಾಜೆಕ್ಟ್ ದೇಶದಾದ್ಯಂತದ ಅಂಕಿಅಂಶಗಳಲ್ಲಿ ತೋರಿಸಿರುವುದೂ ಇದನ್ನೇ: ಸರಾಸರಿ ಅಂಕ ಕುಟುಂಬಗಳ ಸ್ಥಿತಿಗತಿಯ ಜತೆ ಬಿಗಿಯಾಗಿ ಅಂಟಿಕೊಂಡಿದೆ, ಕಲಿಕೆಯ ಬೆಳವಣಿಗೆ ಅಷ್ಟಾಗಿ ಅಂಟಿಕೊಂಡಿಲ್ಲ. ಅವರ ನಕ್ಷೆಯೂ ಪುಕ್ಕಟೆ. ಪಟ್ಟಿಯಲ್ಲಿ ಉಳಿದ ಶಾಲೆಗಳನ್ನು ಅಲ್ಲಿಯೂ ಒಮ್ಮೆ ಹುಡುಕಿ ನೋಡಿ.

ಪ್ರೋಗ್ರೆಸ್‌ನಂಥ ಬೇರೆ ಅಂಕಿಅಂಶ ಸಿಗದ ಕಡೆ ಟೆಸ್ಟ್ ಸ್ಕೋರ್ ಒಂದೇ ಒಟ್ಟು ಅಂಕವಾಗಿ ಕಾಣಬಹುದು, ಹಾಗಾಗಿ ಒಳಗೆ ಏನೇನಿದೆ ಎಂದು ನೋಡದೆ ಮುಂದೆ ಹೋಗಬೇಡಿ. ಪರೀಕ್ಷೆ ಮೂರನೇ ಗ್ರೇಡ್‌ನಿಂದ ಶುರು. ಎರಡನೇ ಗ್ರೇಡ್‌ವರೆಗಷ್ಟೇ ಇರುವ ಶಾಲೆಗೂ ಹೊಸದಾಗಿ ತೆರೆದ ಶಾಲೆಗೂ ಅಂಕ ಇರದಿರಬಹುದು. ರೇಟಿಂಗ್ ಫಿಲ್ಟರ್ ಬಿಗಿಯಾಗಿ ಹಾಕಿದರೆ ಅಂಥ ಶಾಲೆಗಳ ಸುತ್ತಲಿನ ಒಳ್ಳೆಯ ಮನೆಗಳು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಪೋಷಕರು ಕೊಡುವ ಸ್ಟಾರ್ ರೇಟಿಂಗ್‌ಗೂ ಈ ಅಂಕಕ್ಕೂ ಸಂಬಂಧವಿಲ್ಲ.

ಈಗ ವಿಳಾಸದ ವಿಚಾರಕ್ಕೆ ಬರೋಣ. ಇಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಆಡಳಿತ; ಮಗುವಿಗೆ ಯಾವ ಶಾಲೆ ಎಂಬುದು ಸಾಮಾನ್ಯವಾಗಿ ಮನೆ ಯಾವ ಶಾಲೆಯ ಗಡಿಯೊಳಗಿದೆ ಎಂಬುದರ ಮೇಲೆ ನಿಂತಿದೆ. ಲಿಸ್ಟಿಂಗ್‌ನಲ್ಲಿ ಬರುವ ಶಾಲೆಯ ಗಡಿ ಮೂರನೆಯವರಿಂದ ತಂದ ಮಾಹಿತಿ. ‘ಇದು ಉಲ್ಲೇಖಕ್ಕೆ ಮಾತ್ರ, ಡಿಸ್ಟ್ರಿಕ್ಟ್‌ನಲ್ಲಿ ಖಚಿತಪಡಿಸಿಕೊಳ್ಳಿ’ ಎಂದು ಆ ಜಾಲತಾಣಗಳೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಆ ಸಾಲನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಅಂಚೆ ವಿಳಾಸದ ಊರು ಒಂದಾದರೆ ಸ್ಕೂಲ್ ಡಿಸ್ಟ್ರಿಕ್ಟ್ ಇನ್ನೊಂದಾಗಿರುವುದು ಇಲ್ಲಿ ಮಾಮೂಲು. ಟೆಕ್ಸಸ್‌ನ ಫ್ರಿಸ್ಕೊ ವಿಳಾಸದ ಎಲ್ಲ ಮನೆಗಳೂ ಫ್ರಿಸ್ಕೊ ಡಿಸ್ಟ್ರಿಕ್ಟ್‌ನಲ್ಲಿಲ್ಲ, ಕೆಲವು ಲೂಯಿಸ್‌ವಿಲ್, ಲಿಟ್ಲ್ ಎಲ್ಮ್, ಪ್ರಾಸ್ಪರ್ ಡಿಸ್ಟ್ರಿಕ್ಟ್‌ಗಳಿಗೆ ಸೇರುತ್ತವೆ. ಕ್ಯಾಲಿಫೋರ್ನಿಯಾದ ಅರ್ವೈನ್ ನಗರದ ಒಂದು ಭಾಗ ಟಸ್ಟಿನ್ ಡಿಸ್ಟ್ರಿಕ್ಟ್‌ನದು. ಅದೇ ರಾಜ್ಯದ ಕ್ಯುಪರ್ಟಿನೊದ ಕಥೆ ಇನ್ನೂ ತೊಡಕು. ಎಂಟನೇ ಗ್ರೇಡ್‌ವರೆಗೆ ಕ್ಯುಪರ್ಟಿನೊ ಯೂನಿಯನ್, ಹೈಸ್ಕೂಲಿಗೆ ಫ್ರಿಮಾಂಟ್ ಯೂನಿಯನ್ ಎಂಬ ಪ್ರತ್ಯೇಕ ಡಿಸ್ಟ್ರಿಕ್ಟ್; ಹೆಸರು ಕೇಳಿ ಫ್ರಿಮಾಂಟ್ ನಗರದ್ದು ಎಂದುಕೊಂಡರೆ ಕೆಟ್ಟಿತು, ಆ ನಗರದ್ದು ಫ್ರಿಮಾಂಟ್ ಯೂನಿಫೈಡ್, ಕೊಲ್ಲಿಯ ಆಚೆ ದಡದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ ಮನೆಯ ಪಕ್ಕದ ಶಾಲೆ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯೇ ಇಲ್ಲ, ಅಲ್ಲಿರುವುದು ಆಯ್ಕೆಪಟ್ಟಿ ಕೊಟ್ಟು ಲಾಟರಿಯಲ್ಲಿ ಸೀಟು ಪಡೆಯುವ ಪದ್ಧತಿ.

ಪರಿಶೀಲನೆ ಹೀಗೆ ಮಾಡಿ. ಡಿಸ್ಟ್ರಿಕ್ಟ್‌ನ ಸ್ವಂತ ಜಾಲತಾಣದಲ್ಲಿ ‘ಸ್ಕೂಲ್ ಲೊಕೇಟರ್’ ಹುಡುಕಿ, ಬೀದಿ ಹೆಸರಷ್ಟೇ ಅಲ್ಲ, ಮನೆ ನಂಬರ್ ಸಮೇತ ವಿಳಾಸ ಹಾಕಿ. ಒಂದೇ ಬೀದಿಯ ಎಡಗಡೆ ಒಂದು ಶಾಲೆ, ಬಲಗಡೆ ಇನ್ನೊಂದು ಇರಬಹುದು. ಎಲಿಮೆಂಟರಿ, ಮಿಡ್ಲ್, ಹೈಸ್ಕೂಲ್ ಮೂರನ್ನೂ ಪ್ರತ್ಯೇಕವಾಗಿ ನೋಡಿ. ಎಲಿಮೆಂಟರಿಯ ಅಂಕಕ್ಕೆ ಮರುಳಾಗಿ ಮನೆ ಕೊಂಡು, ಆರು ವರ್ಷದ ನಂತರ ಮಿಡ್ಲ್ ಸ್ಕೂಲ್ ನೋಡಿ ಹೌಹಾರುವುದು ಬೇಡ. ಆಮೇಲೆ ಡಿಸ್ಟ್ರಿಕ್ಟ್‌ನ ಎನ್‌ರೋಲ್‌ಮೆಂಟ್ ಕಚೇರಿಗೆ ಇಮೇಲ್ ಬರೆದು ಎರಡು ಪ್ರಶ್ನೆ ಕೇಳಿ: ಈ ವಿಳಾಸಕ್ಕೆ ಬರುವ ವರ್ಷ ಯಾವ ಶಾಲೆ? ನಮ್ಮ ಮಗುವಿನ ಗ್ರೇಡ್‌ನಲ್ಲಿ ಜಾಗ ಇದೆಯೇ? ಎರಡನೆಯದನ್ನು ಕೇಳುವವರು ಕಡಿಮೆ. ಗಡಿಯೊಳಗೇ ಇದ್ದರೂ ತರಗತಿ ತುಂಬಿದ್ದರೆ ಮಗುವನ್ನು ಬೇರೆ ಶಾಲೆಗೆ ಕಳಿಸುವ ಡಿಸ್ಟ್ರಿಕ್ಟ್‌ಗಳಿವೆ. ಉತ್ತರ ಫೋನಿನಲ್ಲಲ್ಲ, ಬರಹದಲ್ಲೇ ಇರಲಿ.

ಗಡಿ ಇವತ್ತಿದ್ದಂತೆ ನಾಳೆಯೂ ಇರುತ್ತದೆ ಎಂದೇನಿಲ್ಲ. ಹೊಸ ಬಡಾವಣೆಗಳು ಏಳುತ್ತಿರುವ ಕಡೆ, ಹೊಸ ಶಾಲೆ ತೆರೆದಾಗಲೆಲ್ಲ ಗೆರೆ ಸರಿಯುತ್ತದೆ. ಬಿಲ್ಡರ್ ಕೊಡುವ ಬ್ರೋಷರ್‌ನಲ್ಲಿ ಅಚ್ಚಾದ ಶಾಲೆಯ ಹೆಸರಿಗೆ ಡಿಸ್ಟ್ರಿಕ್ಟ್ ಬದ್ಧವಾಗಿರಬೇಕಿಲ್ಲ. ಹಳೆಯ, ದುಬಾರಿ ಊರುಗಳಲ್ಲಿ ಇದರ ತದ್ವಿರುದ್ಧ: ಮಕ್ಕಳ ಸಂಖ್ಯೆ ಇಳಿದು ಕ್ಯುಪರ್ಟಿನೊ ಯೂನಿಯನ್ 2022ರಲ್ಲಿ ಶಾಲೆಗಳನ್ನೇ ಮುಚ್ಚಿತು, ಅದೂ ಅಷ್ಟು ಹೆಸರಾದ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಬೋರ್ಡ್ ಸಭೆಗಳ ಅಜೆಂಡಾ ಸಾರ್ವಜನಿಕ. ಹಿಂದಿನ ಒಂದು ವರ್ಷದ್ದರಲ್ಲಿ ‘ಬೌಂಡರಿ’ (ಗಡಿ), ‘ಕನ್ಸಾಲಿಡೇಷನ್’ (ಶಾಲೆಗಳ ವಿಲೀನ) ಎಂಬ ಪದಗಳನ್ನು ಹುಡುಕಿದರೆ ಏನು ಬರಲಿದೆ ಎಂಬುದರ ವಾಸನೆ ಬಡಿಯುತ್ತದೆ. ಇದನ್ನು ಯಾವ ಆ್ಯಪ್ ಕೂಡ ತೋರಿಸುವುದಿಲ್ಲ, ಈ ಸೇವೆಯ ದೊಡ್ಡ ಕೊರತೆ ಎಂದರೆ ನನ್ನ ಲೆಕ್ಕದಲ್ಲಿ ಇದೇ.

‘ಈ ಶಾಲೆ ಚೆನ್ನಾಗಿದೆಯಾ?’ ಎಂದು ಏಜೆಂಟರನ್ನು ಕೇಳಿದರೆ ಜಾರಿಕೊಳ್ಳುತ್ತಾರೆ ಎಂಬ ದೂರು ಸಾಮಾನ್ಯ. ಅವರ ಮೇಲೆ ಸಿಟ್ಟಾಗಬೇಡಿ. ವಸತಿಯಲ್ಲಿ ತಾರತಮ್ಯ ತಡೆಯುವ 1968ರ ಫೇರ್ ಹೌಸಿಂಗ್ ಕಾಯ್ದೆಯಡಿ ಒಂದು ಸಮುದಾಯದವರನ್ನು ಒಂದು ಬಡಾವಣೆಯತ್ತ ತಳ್ಳಿದಂತೆ ಆಗಬಾರದೆಂದು ಅವರು ಅಂಕಿಅಂಶ ಎಲ್ಲಿದೆ ಎಂದು ತೋರಿಸಿ ಸುಮ್ಮನಾಗುತ್ತಾರೆ.

ಬಾಡಿಗೆಗೆ ಹೋಗುವವರು ಇನ್ನೊಂದು ವಿಷಯ ನೋಡಬೇಕು. ಶಾಲಾ ವರ್ಷ ಆಗಸ್ಟ್ ಅಥವಾ ಸೆಪ್ಟೆಂಬರಿಗೆ ಶುರು. ಒಂದು ವರ್ಷದ ಲೀಸ್ ಜನವರಿಯಲ್ಲಿ ಮುಗಿದು, ಬಾಡಿಗೆ ಏರಿ, ಗಡಿಯಾಚೆ ಮನೆ ಮಾಡಿದರೆ ಮಗು ನಡುವರ್ಷದಲ್ಲಿ ಶಾಲೆ ಬಿಡಬೇಕಾದೀತು. ಮೊದಲ ಸಲವೇ ಹದಿನೆಂಟು ತಿಂಗಳ ಲೀಸ್ ಕೇಳಿ, ಇಲ್ಲವೇ ಕೊನೆಯ ತಿಂಗಳು ಜೂನ್ ಅಥವಾ ಜುಲೈಗೆ ಬರುವಂತೆ ಹೊಂದಿಸಿಕೊಳ್ಳಿ. ದಾಖಲಾತಿಗೆ ಸಾಮಾನ್ಯವಾಗಿ ಪೋಷಕರ ಹೆಸರಿನ ಲೀಸ್, ಕರೆಂಟ್ ಅಥವಾ ನೀರಿನ ಬಿಲ್, ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ ಕೇಳುತ್ತಾರೆ. ಬಿಲ್‌ಗಳೆಲ್ಲ ಬಾಡಿಗೆಯಲ್ಲೇ ಸೇರಿದ್ದರೆ ನಿಮ್ಮ ಹೆಸರಿನಲ್ಲಿ ಒಂದೂ ಇರುವುದಿಲ್ಲ. ಆಗ ಯಾವ ದಾಖಲೆ ನಡೆಯುತ್ತದೆ ಎಂಬುದನ್ನು ಅದೇ ಇಮೇಲ್‌ನಲ್ಲಿ ಕೇಳಿಬಿಡಿ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಶಾಲೆಯ ಆಫ್ಟರ್‌ಸ್ಕೂಲ್ ಕೇರ್‌ಗೆ ವೇಟ್‌ಲಿಸ್ಟ್ ಎಷ್ಟು ಉದ್ದವಿದೆ ಎಂಬುದನ್ನೂ ಲೀಸ್‌ಗೆ ಸಹಿ ಹಾಕುವ ಮುಂಚೆಯೇ ವಿಚಾರಿಸಿ.