ಮೂರು ಗಿಟಾರಾ, ನಾಲ್ಕಾ? ನುಡಿಸಿ ನೋಡಿದ ಹೋಲಿಕೆ

ನನ್ನ ಓಟು ಮೂರಕ್ಕೆ. ಅಂದರೆ ಮೂವರೇ ನುಡಿಸುವ ಕ್ಯಾಲಿಫೋರ್ನಿಯಾ ಗಿಟಾರ್ ಟ್ರಿಯೊಗೆ. ಎದುರಿಗಿರುವುದು ನಾಲ್ವರ ಲಾಸ್ ಏಂಜಲೀಸ್ ಗಿಟಾರ್ ಕ್ವಾರ್ಟೆಟ್, ಅದೇನೂ ಸಣ್ಣ ತಂಡ ಅಲ್ಲ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಭಾನುವಾರ ಮೂವರು ಗೆಳೆಯರು ಗಿಟಾರ್ ಹಿಡಿದು ಕೂರುತ್ತೇವೆ. ಯಾರ ದಾರಿ ಹಿಡಿಯಬೇಕು ಅಂತ ಎರಡನ್ನೂ ನುಡಿಸಿ ನೋಡಿದೆವು. ಬರೀ ಕೇಳುವುದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಂತಿಗೆ ಸುರಿದ ದುಡ್ಡು ಬರೆಸುತ್ತಿದೆ.

ಕ್ವಾರ್ಟೆಟ್ ಹಿರಿಯ ತಂಡ. 1980ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು, ಸ್ಪೇನ್ ಮೂಲದ ಗಿಟಾರ್ ವಾದಕ ಪೆಪೆ ರೊಮೆರೊ ಗರಡಿಯಲ್ಲಿ. ನೈಲಾನ್ ತಂತಿ, ಬೆರಳಲ್ಲಿ ಮೀಟುವುದು. ಜಾನ್ ಡಿಯರ್ಮನ್ ಕೈಯಲ್ಲಿ ಏಳು ತಂತಿಯ ಗಿಟಾರ್. ಏಳು ತಂತಿ ಅಂದ ಕೂಡಲೇ ಮೈಸೂರಿನವರಿಗೆ ಚೌಡಯ್ಯನವರ ಪಿಟೀಲು ನೆನಪಾಗುತ್ತದೆ, ಅಲ್ವಾ? ಇಲ್ಲಿ ಏಳನೆಯದು ಮಂದ್ರವನ್ನು ಇನ್ನೂ ಕೆಳಕ್ಕೆ ಇಳಿಸುವುದಕ್ಕೆ. ಅವರ ‘ಗಿಟಾರ್ ಹೀರೋಸ್’ ಆಲ್ಬಂಗೆ ಗ್ರ್ಯಾಮಿ ಬಂದಿದೆ. ಕಣ್ಣು ಮುಚ್ಚಿ ಕೇಳುವುದಕ್ಕೆ ಅವರೇ ಮೇಲು, ಒಪ್ಪುತ್ತೇನೆ.

ಟ್ರಿಯೊ 1991ರದ್ದು. ಪಾಲ್ ರಿಚರ್ಡ್ಸ್ ಅಮೆರಿಕದವರು, ಬರ್ಟ್ ಲಾಮ್ಸ್ ಬೆಲ್ಜಿಯಂನವರು, ಹಿಡೆಯೊ ಮೊರಿಯಾ ಜಪಾನಿನವರು. ಬ್ರಿಟಿಷ್ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ನಡೆಸುತ್ತಿದ್ದ ‘ಗಿಟಾರ್ ಕ್ರಾಫ್ಟ್’ ಕೋರ್ಸಿನಲ್ಲಿ ಮೂವರಿಗೂ ಪರಿಚಯವಾಯಿತು. ಇವರದು ಸ್ಟೀಲ್ ತಂತಿ, ಕೈಯಲ್ಲಿ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ.

ಉಗುರಿನ ವಿಷಯ ಒಂದೇ ಸಾಲಲ್ಲಿ ಮುಗಿಸುತ್ತೇನೆ: ನೈಲಾನ್‌ಗೆ ಬಲಗೈ ಉಗುರು ಬೆಳೆಸಿ, ಉಜ್ಜಿ, ಕಾಪಾಡಿಕೊಳ್ಳಬೇಕು, ನನಗೆ ಉಗುರು ಕಚ್ಚುವ ಚಟ.

ಇನ್ನು ಟ್ರಿಯೊ ದಾರಿಯ ದೊಡ್ಡ ತಲೆನೋವಿಗೆ ಬರೋಣ. ಅವರ ಟ್ಯೂನಿಂಗೇ, ಅಂದರೆ ತಂತಿಗಳನ್ನು ಶ್ರುತಿ ಮಾಡುವ ಕ್ರಮವೇ ಬೇರೆ. ಫ್ರಿಪ್ 1983ರಲ್ಲಿ ಕಂಡುಕೊಂಡದ್ದು, ದಪ್ಪ ತಂತಿಯಿಂದ ಶುರು ಮಾಡಿದರೆ ಸಿ, ಜಿ, ಡಿ, ಎ, ಇ, ಜಿ. ನಮ್ಮ ಮಾಮೂಲಿ ಗಿಟಾರಿನಲ್ಲಿ ಇರುವುದು ಇ, ಎ, ಡಿ, ಜಿ, ಬಿ, ಇ. ತಂತಿಗಳನ್ನು ಎಣಿಸುವುದು ಮಾತ್ರ ತೆಳುವಿನ ಕಡೆಯಿಂದ, ತೀರ ತೆಳುವಾದದ್ದು ಮೊದಲನೆಯದು, ತೀರ ದಪ್ಪದ್ದು ಆರನೆಯದು. ಅಂದರೆ ನಾಲ್ಕನೆಯ ತಂತಿ ಡಿ ಒಂದನ್ನು ಬಿಟ್ಟು ಎಲ್ಲವೂ ಸ್ವರ ಬದಲಿಸಬೇಕು. ಆರನೆಯದು ಸಡಿಲವಾಗಿ ಹಗ್ಗದಂತೆ ಜೋತಾಡುತ್ತದೆ. ಮೊದಲನೆಯದು ಮೂರು ಸ್ವರಸ್ಥಾನ ಮೇಲೇರಬೇಕು. ಅಲ್ಲೇ ‘ಟಪ್’ ಅಂತ ಕಿತ್ತುಹೋಗುವುದು.

ಇಲ್ಲಿನ ಅಂಗಡಿಯೊಂದರಲ್ಲಿ ಕೇಳಿದಾಗ ಸಲೀಸಾಗಿ ಹೇಳಿದರು, ‘ದಪ್ಪದ್ದು ಹಾಕಿ ಸರ್, ಕಿತ್ತುಹೋಗಲ್ಲ.’ ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ದಪ್ಪ ತಂತಿಯನ್ನು ಅದೇ ಸ್ವರಕ್ಕೆ ಏರಿಸಲು ಅದರ ದಪ್ಪಕ್ಕೆ ತಕ್ಕ ಹಾಗೆ ಎಳೆತವೂ ಜಾಸ್ತಿ ಬೇಕು. ಬಲ ಬಂದಷ್ಟೇ ಭಾರವೂ ಬಂತು. ಇ ಇಂದ ಜಿಗೆ ಏರಿಸಿದರೆ ಯಾವ ತಂತಿಯಾದರೂ ಎಳೆತ ಸುಮಾರು ಶೇ. 40 ಹೆಚ್ಚುತ್ತದೆ. ದಪ್ಪ ತಂತಿ ಕಿತ್ತುಹೋಗುವುದರ ಜೊತೆಗೆ ಗಿಟಾರಿನ ಕತ್ತನ್ನೂ (ನೆಕ್) ಬಗ್ಗಿಸುತ್ತದೆ, ಅಷ್ಟೇ ಲಾಭ. ಫ್ರಿಪ್‌ಗೂ ಇದೇ ಕಾಟ ಇತ್ತು. ಪಿಟೀಲಿನ ಹಾಗೆ ಸ-ಪ ಅಂತರದಲ್ಲೇ ಮೇಲಕ್ಕೆ ಹೋಗಿ ಬಿ ಮುಟ್ಟಬೇಕು ಅಂತ ಅವರ ಆಸೆ. ತಂತಿ ಒಪ್ಪಲಿಲ್ಲ. ಹಾಗಾಗಿ ಜಿಗೆ ಇಳಿದರು.

ಬೇಕಾದದ್ದು ತೆಳು ತಂತಿ. ನಮ್ಮ ಸೆಟ್ಟಿನ ಮೊದಲ ತಂತಿ 0.012 ಇಂಚು, ಅದರ ಬದಲು 0.010 ಅಥವಾ 0.011. ಎರಡನೆಯದಕ್ಕೆ 0.013. ಆರನೆಯದು ಮಾತ್ರ ಇನ್ನೂ ದಪ್ಪ, 0.056ರ ಆಸುಪಾಸು. ಇಂಥ ಸೆಟ್ ಇಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಬಿಡಿಯಾಗಿ ಜೋಡಿಸಿಕೊಳ್ಳಬೇಕು. ಎಲೆಕ್ಟ್ರಿಕ್ ಗಿಟಾರಿನ ಮೊದಲ ತಂತಿ ಸುತ್ತಿಲ್ಲದ ಬರೀ ಉಕ್ಕು, ಅಕೂಸ್ಟಿಕ್‌ಗೂ ಧಾರಾಳವಾಗಿ ಆಗುತ್ತದೆ. ಅದನ್ನೇ ತಂದೆವು. ಒಂದು ತಂತಿಗೆ ಹೋಟೆಲಿನ ಒಂದು ಪ್ಲೇಟ್ ಮಸಾಲೆ ದೋಸೆಯ ದುಡ್ಡು, ಹಾಗಾಗಿ ಪದೇ ಪದೇ ಕಿತ್ತುಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಉಪಾಯ ಇದೆ. ಇಡೀ ಟ್ಯೂನಿಂಗನ್ನೇ ಎರಡು ಸ್ವರಸ್ಥಾನ ಇಳಿಸಿ, ಎರಡನೇ ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕುವುದು. ಕೇಳುವುದು ಅದೇ ಜಿ, ಆದರೆ ತಂತಿ ಮೇಲೆ ಎಫ್‌ನಷ್ಟೇ ಎಳೆತ. ಮೇಲಿನ ಎರಡು ಫ್ರೆಟ್ ಕಳೆದುಕೊಳ್ಳುತ್ತೀರಿ, ತಂತಿ ಉಳಿಯುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ನೈಲಾನ್‌ನಲ್ಲಿ ಈ ರಗಳೆ ಇಲ್ಲ, ಮಾಮೂಲಿ ಟ್ಯೂನಿಂಗೇ ಸಾಕು. ಹೊಸ ತಂತಿ ಕೆಲವು ದಿನ ಹಿಗ್ಗುತ್ತಾ ಶ್ರುತಿ ಬಿಡುತ್ತದೆ, ಅಷ್ಟೇ.

ಇಷ್ಟು ಕಷ್ಟ ಯಾಕೆ ಪಡಬೇಕು ಅಂದರೆ, ಟ್ರಿಯೊದ ಒಂದು ವಿದ್ಯೆಗಾಗಿ. ಒಂದು ರಾಗದ ಸ್ವರಗಳನ್ನು ಮೂವರೂ ಹಂಚಿಕೊಂಡು, ನನ್ನದೊಂದು ನಿನ್ನದೊಂದು ಅಂತ ಸುತ್ತು ಹಾಕಿಸುತ್ತಾರೆ. ಒಬ್ಬರಿಗೆ ಒಂದೇ ಸ್ವರ. ವೇಗವಾಗಿ ಬೆರಳು ಓಡಿಸಲು ಬರದ ನನ್ನಂಥವನೂ ವೇಗದ ಸಂಗೀತದೊಳಗೆ ಇರಬಹುದು. ಕಾಲ ಮಾತ್ರ ತಪ್ಪಬಾರದು. ನಮ್ಮಲ್ಲೊಬ್ಬ ಮೃದಂಗ ಕಲಿತವನು, ಬಾಯಲ್ಲಿ ತಕಿಟ ಹೇಳಿಸಿ ಹೇಳಿಸಿ ದಾರಿಗೆ ತಂದ. ಕ್ವಾರ್ಟೆಟ್‌ನ ಬರವಣಿಗೆಯಲ್ಲಿ ಒಬ್ಬೊಬ್ಬರ ಭಾಗವೂ ಪೂರ್ತಿ ತಯಾರಿ ಬೇಡುತ್ತದೆ. ಜೊತೆಗೆ ನಾಲ್ಕನೆಯವನು ಬೇಕು. ನಮ್ಮ ನಾಲ್ಕನೆಯವನು ಮಂಡ್ಯದ ಕಡೆಯವನು. ಭಾನುವಾರ ಬರುತ್ತೇನೆ ಅನ್ನುತ್ತಾನೆ, ಅವತ್ತೇ ಗದ್ದೆಗೆ ನಾಲೆ ನೀರಿನ ಸರದಿ ಇರುತ್ತದೆ.

ಹೊಸ ರೆಕಾರ್ಡಿಂಗ್ ವಿಷಯದಲ್ಲಿ ಎರಡೂ ತಂಡ ಕಾಯಿಸಿವೆ. ಕ್ವಾರ್ಟೆಟ್‌ನ ‘ನ್ಯೂ ರಿನೈಸಾನ್ಸ್’ 2015ರದ್ದು, ಅದಾಗಿ ‘ಓಪಲೆಸೆಂಟ್’ ಬರುವುದಕ್ಕೆ ವರ್ಷಗಳೇ ಹಿಡಿದವು. ಟ್ರಿಯೊ 2011ರಲ್ಲಿ ‘ಮಾಸ್ಟರ್‌ವರ್ಕ್ಸ್’ ತಂದಿತು, ‘ಕೊಮೊರೆಬಿ’ 2016ಕ್ಕೆ, ‘ಎಲಿಜಿ’ 2020ಕ್ಕೆ. ವಯಸ್ಸಾದ ಮೇಲೆ ಮತ್ತೆ ಮೈಕ್ ಮುಂದೆ ಕೂರುವುದು ಮೈಸೂರಿಗೆ ಗೊತ್ತಿರುವ ಕಥೆಯೇ: ರಷ್ಯಾದ ಸಂಗೀತ ರಚನೆಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ತಮ್ಮ ಕೃತಿಗಳನ್ನು ರೆಕಾರ್ಡ್ ಮಾಡಿದ್ದು ನಮ್ಮ ಜಯಚಾಮರಾಜ ಒಡೆಯರ ನೆರವಿನಿಂದ. ಟ್ರಿಯೊದ ಮೊದಲ ಆಲ್ಬಂ ‘ಯಮನಾಶಿ ಬ್ಲೂಸ್’ (1993) ಕೇಳಿ ನಂತರ ‘ಕೊಮೊರೆಬಿ’ ಹಾಕಿ. ನನಗೆ ಎರಡನೆಯದೇ ಇಷ್ಟ. ಅಲ್ಲಿ ಅವಸರ ಇಲ್ಲ.

ಖಾಯಂ ಸಿಗುವ ನಾಲ್ಕು ಜನ, ಒಳ್ಳೆ ಉಗುರು, ನಾಲ್ಕು ನೈಲಾನ್ ಗಿಟಾರಿಗೆ ದುಡ್ಡು, ಇಷ್ಟಿದ್ದರೆ ಕ್ವಾರ್ಟೆಟ್ ದಾರಿ ಹಿಡಿಯಿರಿ. ಮನೆಯಲ್ಲಿ ಈಗಾಗಲೇ ಸ್ಟೀಲ್ ಗಿಟಾರ್ ಇದ್ದು ಮೂವರೇ ಇದ್ದರೆ ಸುಮ್ನೆ ಟ್ರಿಯೊ. ಅಂಗಡಿಗೆ ಹೋದಾಗ 0.010 ತಂತಿ ಎರಡು ಜಾಸ್ತಿಯೇ ತನ್ನಿ, ದಪ್ಪದ್ದು ಕೊಡುತ್ತೇನೆ ಅಂದರೆ ಬೇಡ ಅನ್ನಿ.