ನೂರಕ್ಕೆ ನೂರು ಪಾಲಿನೇಷ್ಯಾ: ಒಂದು ಡಿಎನ್‌ಎ ಕಿಟ್ ಕೊಟ್ಟ ಉತ್ತರ

ಆಕ್ಲೆಂಡ್‌ನಲ್ಲಿರುವ ನನ್ನ ಸೊಸೆ ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಲ್ಲಿ ಒಂದಾದ ಸಮೋವಾ ಮೂಲದವಳು. ರಿಯಾಯಿತಿಯಲ್ಲಿ ಸಿಕ್ಕಿತೆಂದು ಮಗ ಅವಳಿಗೆ ವಂಶಮೂಲ ತಿಳಿಸುವ ಡಿಎನ್‌ಎ ಕಿಟ್ ತರಿಸಿಕೊಟ್ಟ. ಕೊಳವೆಗೆ ಎಂಜಲು ತುಂಬಿ ಅಂಚೆಗೆ ಹಾಕಿದ್ದಾಯಿತು, ಕೆಲವು ವಾರಗಳಲ್ಲಿ ವರದಿಯೂ ಬಂತು: ಪಾಲಿನೇಷ್ಯಾ, 100%. ಅವಳು ನಕ್ಕು ಸುಮ್ಮನಾದಳು. ನಿವೃತ್ತ ಜೀವಶಾಸ್ತ್ರ ಮೇಷ್ಟ್ರಾದ ನನಗೆ ಮಾತ್ರ ಸಿಟ್ಟು ಬಂತು.

ಬಿಸಿಬೇಳೆಬಾತಿನಲ್ಲಿ ಏನೇನಿದೆ ಎಂದು ಕೇಳಿದರೆ ‘ಪೂರ್ತಿ ಬಿಸಿಬೇಳೆಬಾತೇ ಇದೆ’ ಎನ್ನುವ ಉತ್ತರ ಇದು. ಇಂದಿನ ದ್ವೀಪವಾಸಿಗಳ ಮಾದರಿಯನ್ನೇ ಅಳತೆಗೋಲಾಗಿ ಹಿಡಿದು ದ್ವೀಪದವಳನ್ನು ಅಳೆದರೆ ನೂರು ಬಾರದೆ ಇನ್ನೇನು ಬಂದೀತು?

ಸ್ವಾರಸ್ಯವಿರುವುದು ಆ ನೂರರ ಒಳಗೆ. ಸಮೋವಾದ ಪಶ್ಚಿಮಕ್ಕಿರುವ ವನುವಾಟು ಎಂಬ ದ್ವೀಪದೇಶದ ಟಿಯೌಮಾ ಸ್ಮಶಾನದಲ್ಲಿ ಸಿಕ್ಕ ಸುಮಾರು 3000 ವರ್ಷ ಹಳೆಯ ಅಸ್ಥಿಗಳ ಡಿಎನ್‌ಎ ವಿವರ 2016ರಲ್ಲಿ ಪ್ರಕಟವಾಯಿತು. ಆ ದ್ವೀಪಗಳಲ್ಲಿ ಮೊದಲು ನೆಲೆಸಿದ ಆ ಜನ ತೈವಾನ್, ಫಿಲಿಪೀನ್ಸ್ ಕಡೆಯವರಿಗೆ ಹತ್ತಿರದವರು. ನ್ಯೂ ಗಿನಿ ಸುತ್ತಲಿನ ಪಪುವಾದ ಅಂಶ ಅವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಂದಿನ ಸಮೋವಾದವರಲ್ಲಿ ಅದು ಸುಮಾರು ಕಾಲು ಭಾಗ. ಆಮೇಲೆ ಬಂದು ಬೆರೆತವರ ಪಾಲು ಅದು. ವನುವಾಟುವಿನಲ್ಲಂತೂ ಜನರ ಮೂಲವೇ ಬಹುಪಾಲು ಪಪುವಾದ್ದಾಯಿತು, ನುಡಿ ಮಾತ್ರ ಮೊದಲಿಗರು ತಂದ ಆಸ್ಟ್ರೊನೇಷ್ಯನ್ ಭಾಷಾಕುಟುಂಬದ್ದಾಗಿಯೇ ಉಳಿಯಿತು. ಇಷ್ಟು ದೊಡ್ಡ ಕತೆಗೆ ವರದಿಯಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಮೆಚ್ಚಬೇಕಾದದ್ದು ತಾಯಿಯ ಕಡೆಯ ಪುಟ. ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯಲ್ಲಿ ಬಿ4ಎ1ಎ1 ಎಂಬ ಗುಂಪನ್ನು ಗುರುತಿಸಿ, ಚೊಕ್ಕ ನಕ್ಷೆ ಕೊಟ್ಟಿದ್ದಾರೆ. ಬಂಧುಗಳ ಪಟ್ಟಿ ಮಾತ್ರ ಹನುಮಂತನ ಬಾಲ. ನಮ್ಮ ಬೀಗಿತ್ತಿಯವರು ಅಜ್ಜ ಮುತ್ತಜ್ಜಂದಿರ ಹೆಸರನ್ನು ತಡವರಿಸದೆ ಹೇಳುತ್ತಾರೆ. ಅವರಿಗೇ ಆ ಪಟ್ಟಿಯಲ್ಲಿ ಗುರುತು ಸಿಕ್ಕವರು ಬೆರಳೆಣಿಕೆಯಷ್ಟು. ಕೆಲವೇ ಜನರಿಂದ ಬೆಳೆದ ದ್ವೀಪಸಮಾಜಗಳಲ್ಲಿ ದೂರದವರೂ ಸಾಕಷ್ಟು ಡಿಎನ್‌ಎ ಹಂಚಿಕೊಂಡಿರುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯದ ತಂತ್ರಾಂಶ ಎಲ್ಲರನ್ನೂ ಹತ್ತಿರದ ದಾಯಾದಿಗಳೆಂದು ತೋರಿಸುತ್ತದೆ.

ಐದರಲ್ಲಿ ಎರಡೂವರೆ ನಕ್ಷತ್ರ, ಅದೂ ಆ ತಾಯಿಯ ಪುಟಕ್ಕಾಗಿ. ಕೊಳ್ಳಲೇಬೇಕೆಂದಿದ್ದರೆ ಮನೆಯ ಗಂಡಸೊಬ್ಬರ ಮಾದರಿಯನ್ನೂ ಕಳುಹಿಸಿ. 2006ರ ಅಧ್ಯಯನವೊಂದರ ಪ್ರಕಾರ ಪಾಲಿನೇಷ್ಯನ್ನರ ತಾಯಿಯ ಕಡೆಯ ಎಳೆ ಸುಮಾರು 94% ಏಷ್ಯಾದ್ದು. ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಸುಮಾರು ಮೂರನೇ ಎರಡು ಪಾಲು ಮೆಲನೇಷ್ಯಾದ್ದು, ಅಂದರೆ ಪಪುವಾ ಕಡೆಯ ದ್ವೀಪಗಳದ್ದು. ಸೊಸೆಯ ವರದಿಯಲ್ಲಿ ಈ ಎರಡನೆಯ ಅರ್ಧ ಬರುವಂತೆಯೇ ಇಲ್ಲ. ಅವಳ ಅಣ್ಣನನ್ನು ಒಪ್ಪಿಸುವ ಕೆಲಸ ಈಗ ಮಗನ ಪಾಲಿಗೆ ಬಂದಿದೆ.