ಹೊಸ ಕಂಪ್ಯೂಟರಿಗೆ ಏನು ಬೇಕು, ಏನು ಬೇಡ: ಹಾಕಿ ನೋಡಿದ ತಂತ್ರಾಂಶಗಳ ಹೋಲಿಕೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಕ್ಕೆ ವಿಂಡೋಸ್ 11 ಒಗ್ಗದ ಕಾರಣ ಮನೆಗೆ ಹೊಸ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ಹಳೆಯ ಪ್ರಶ್ನೆಯೂ ಬಂತು: ಇದರ ಕಾವಲಿಗೆ, ಆರೈಕೆಗೆ ಏನೇನು ಹಾಕಿಕೊಳ್ಳಬೇಕು? ಒಂದೊಂದನ್ನೇ ಹಾಕಿ, ಕೆಲವು ಕಾಲ ಬಳಸಿ, ಬೇಡವೆನಿಸಿದ್ದನ್ನು ಕಿತ್ತು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ. ಜನ ಅತಿ ಹೆಚ್ಚು ವಾದ ಮಾಡುವ ಆಂಟಿವೈರಸ್ ವಿಷಯದಲ್ಲಿ ನನಗೆ ಕಂಡ ವ್ಯತ್ಯಾಸ ತೀರಾ ಕಡಿಮೆ. ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳದ ಬ್ಯಾಕಪ್ ವಿಷಯದಲ್ಲಿ ಕಂಡ ವ್ಯತ್ಯಾಸವೇ ದೊಡ್ಡದು.

ಕೆಲಸ ಶುರುವಾದದ್ದು ಹಾಕುವುದರಿಂದಲ್ಲ, ತೆಗೆಯುವುದರಿಂದ. ಹೊಸ ಯಂತ್ರದಲ್ಲಿ ತಯಾರಕರು ತುಂಬಿ ಕಳಿಸಿದ ಸೀಮಿತ ಅವಧಿಯ ಆಂಟಿವೈರಸ್ ಒಂದಿತ್ತು. ಹೊರಗಿನ ಆಂಟಿವೈರಸ್ ಬಂದು ಕುಳಿತರೆ ವಿಂಡೋಸ್‌ನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಚಂದಾ ಕಟ್ಟುವ ಮನಸ್ಸಿಲ್ಲದವರು ಅದನ್ನು ಹಾಗೆಯೇ ಬಿಟ್ಟರೆ, ಕೆಲಸ ಮಾಡಬಲ್ಲವನನ್ನು ಕೂರಿಸಿ ಹೊರಟುನಿಂತವನಿಗೆ ಕಾವಲು ಒಪ್ಪಿಸಿದ ಹಾಗೆ. ಸೆಟ್ಟಿಂಗ್ಸ್‌ನಿಂದ ತೆಗೆದ ಮೇಲೂ ಅದರ ಒಂದೆರಡು ಚೂರುಗಳು ಹಿನ್ನೆಲೆಯಲ್ಲಿ ಓಡುತ್ತಲೇ ಇದ್ದವು. ದೊಡ್ಡ ಆಂಟಿವೈರಸ್ ಕಂಪನಿಗಳು ತಮ್ಮ ಉತ್ಪನ್ನವನ್ನು ಬೇರುಸಮೇತ ಕೀಳಲೆಂದೇ ಪ್ರತ್ಯೇಕ ರಿಮೂವಲ್ ಟೂಲ್ ಕೊಡುತ್ತವೆ. ಅದನ್ನು ಓಡಿಸಿ ರೀಸ್ಟಾರ್ಟ್ ಮಾಡಿದಾಗ ಡಿಫೆಂಡರ್ ಯಾರೂ ಹೇಳದೆಯೇ ಎದ್ದು ಕುಳಿತಿತ್ತು.

ಈ ಡಿಫೆಂಡರ್ ಬಗ್ಗೆ ಹಳೆಯ ತಾತ್ಸಾರ ಇನ್ನೂ ಬಹಳ ಮಂದಿಯಲ್ಲಿ ಉಳಿದಿದೆ. ಅದಕ್ಕೆ ಕಾರಣವೂ ಇತ್ತು. 2004ರ ಕೊನೆಗೆ ಮೈಕ್ರೋಸಾಫ್ಟ್ ಬೇರೊಂದು ಕಂಪನಿಯಿಂದ ಕೊಂಡ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ) ನಿರೋಧಕವೇ ಇದರ ಮೂಲ. ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸ್ ಒಳಗೇ ಸೇರಿದ್ದು 2012ರ ವಿಂಡೋಸ್ 8ರಲ್ಲಿ. ಮೊದಮೊದಲು ಪರೀಕ್ಷೆಗಳಲ್ಲಿ ಅದು ಹಿಂದೆ ಬೀಳುತ್ತಿತ್ತು. ಈಗಿನ ಮಾತು ಬೇರೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆ ಎಂಬ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಡಿಫೆಂಡರ್ ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಪೂರ್ಣ ಅಂಕವನ್ನೋ ಅದರ ಹತ್ತಿರದ್ದನ್ನೋ ಪಡೆಯುತ್ತಲೇ ಬಂದಿದೆ.

ನಿಜವಾದ ವೈರಸ್‌ಗಳನ್ನು ಮನೆಯಲ್ಲಿ ಬಿಟ್ಟು ನೋಡುವ ಹುಚ್ಚು ಯಾರಿಗೂ ಬೇಡ. ಅದಕ್ಕೆಂದೇ ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ: 68 ಅಕ್ಷರಗಳ ಒಂದು ಸಾಲು, ಯಾವ ಹಾನಿಯನ್ನೂ ಮಾಡದು, ಆದರೆ ವೈರಸ್ ಎಂದೇ ಪರಿಗಣಿಸಬೇಕೆಂದು ಆಂಟಿವೈರಸ್ ತಯಾರಕರು ಒಪ್ಪಿಕೊಂಡಿರುವಂಥದ್ದು. ಆ ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿದೆ. ಡಿಫೆಂಡರ್ ಇದ್ದಾಗ ಐಕಾನ್ ಮೂಡಿದಂತೆ ಮಾಡಿ ಮಾಯವಾಯಿತು, ಬಲಮೂಲೆಯಲ್ಲಿ ಒಂದು ಸಣ್ಣ ಸೂಚನೆ ಬಂತು, ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ದಾಖಲೆ ಬಿತ್ತು. ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿಯೂ ಅಷ್ಟೇ ಚುರುಕು. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಮಾತ್ರ ಸುಮ್ಮನಿತ್ತು. ಇದು ಅದರ ದೋಷವಲ್ಲ: 14 ದಿನಗಳ ಪ್ರಾಯೋಗಿಕ ಅವಧಿ ಮುಗಿದ ಮೇಲೆ ಅದು ಸದಾಕಾಲದ ಪಹರೆ ಬಿಟ್ಟು, ನಾವು ಕೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ. ಮುಖ್ಯ ಕಾವಲುಗಾರನ ಬಗ್ಗೆ ಅನುಮಾನ ಬಂದಾಗ ಎರಡನೆಯ ಅಭಿಪ್ರಾಯ ಕೇಳಲು ಅದು ಸರಿ. ಅದನ್ನೇ ಮುಖ್ಯ ಕಾವಲುಗಾರನೆಂದು ನಂಬಿ ಕೂರುವುದು ತಪ್ಪು.

ಡಿಫೆಂಡರ್ ಸೋತದ್ದು ಒಂದೇ ಕಡೆ. ಸಾವಿರಾರು ಸಣ್ಣ ಫೈಲುಗಳಿರುವ ಫೋಲ್ಡರನ್ನು ನಕಲು ಮಾಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂಬ ಸಾಲು ಪಟ್ಟಿಯ ತುದಿಗೇರಿ ಕುಳಿತಿರುತ್ತದೆ. ಅದು ಡಿಫೆಂಡರೇ. ಬಿಟ್‌ಡಿಫೆಂಡರ್ ಇದ್ದಾಗ ಅದೇ ನಕಲು ಕೊಂಚ ಬೇಗ ಮುಗಿದಂತೆ ಕಂಡಿತು. ಆದರೆ ಬಿಟ್‌ಡಿಫೆಂಡರ್ ಉಚಿತವಾದರೂ ಖಾತೆ ತೆರೆಯದೆ ಬಳಸಲು ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊರಗಿನ ಆಂಟಿವೈರಸ್ ಬಂದರೆ ಡಿಫೆಂಡರ್‌ನ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಕೆಲಸ ನಿಲ್ಲಿಸುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಅಪರಿಚಿತ ಪ್ರೋಗ್ರಾಮುಗಳು ಏನನ್ನೂ ಬದಲಿಸದಂತೆ ತಡೆಯುವ, ರಾನ್ಸಮ್‌ವೇರ್ (ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶ) ವಿರುದ್ಧದ ಬೀಗ ಅದು. ವಿಂಡೋಸ್ ಅದನ್ನು ಆಫ್ ಮಾಡಿಯೇ ಕಳಿಸುತ್ತದೆ. ನಾವೇ ಆನ್ ಮಾಡಬೇಕು. ಆನ್ ಮಾಡಿದ ಮೊದಲ ವಾರ ಕಿರಿಕಿರಿ ತಪ್ಪಿದ್ದಲ್ಲ. ಮಕ್ಕಳ ಆಟವೊಂದು ತನ್ನ ಅಂಕಗಳನ್ನು ಉಳಿಸಲಾಗದೆ ಒದ್ದಾಡಿತು, ಹೋಗಿ ಅನುಮತಿ ಕೊಡಬೇಕಾಯಿತು. ಆಮೇಲೆ ಅದರ ಇರುವಿಕೆಯೇ ಮರೆತುಹೋಯಿತು. ಈ ಒಂದು ಸೌಲಭ್ಯಕ್ಕಾಗಿ ಆ ನಿಧಾನವನ್ನು ನಾನು ಒಪ್ಪಿಕೊಂಡೆ.

ಇನ್ನೊಂದು ಉಚಿತ ಆಂಟಿವೈರಸ್ಸನ್ನೂ ಹಾಕಿ ನೋಡಿದೆ. ಅದರ ಹೆಸರು ಬೇಡ. ಹಿಡಿಯುವುದರಲ್ಲಿ ಅದೂ ಹಿಂದಿಲ್ಲ, ಬಾಯಿ ಮಾತ್ರ ದೊಡ್ಡದು. ಸ್ಕ್ಯಾನ್ ಮುಗಿಯುತ್ತಿದ್ದಂತೆ ಹೊಚ್ಚಹೊಸ ಯಂತ್ರದಲ್ಲೂ ಕೆಂಪು ಅಕ್ಷರಗಳಲ್ಲಿ ‘ಸಮಸ್ಯೆಗಳು’. ಬಿಡಿಸಿ ನೋಡಿದರೆ ಅವೆಲ್ಲ ಬ್ರೌಸರಿನ ತಾತ್ಕಾಲಿಕ ಫೈಲುಗಳು, ಮತ್ತು ನಾನು ಅವರ ವಿಪಿಎನ್ (ಅಂತರ್ಜಾಲ ಸಂಪರ್ಕವನ್ನು ಮರೆಮಾಡುವ ಸೇವೆ) ಕೊಂಡಿಲ್ಲವೆಂಬ ದೂರು. ಹೆದರಿಸಿ ಮಾರುವ ತಂತ್ರಾಂಶಕ್ಕೂ ತಾನು ಹಿಡಿಯಬೇಕಾದ ತಂತ್ರಾಂಶಕ್ಕೂ ನಡವಳಿಕೆಯಲ್ಲಿ ಏನು ಅಂತರ ಎಂದು ಕೇಳಬೇಕೆನಿಸಿತು.

ಅಂಗಡಿಗಳು ಬೇರೆ ಬೇರೆ ಕಂಡರೂ ಯಜಮಾನ ಒಬ್ಬನೇ ಎಂಬುದು ಹೋಲಿಕೆ ಮಾಡುವವರಿಗೆ ತಿಳಿದಿರಬೇಕು. ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ, ಜೊತೆಗೆ ಸ್ವಚ್ಛತಾ ತಂತ್ರಾಂಶವಾದ ಸಿಕ್ಲೀನರ್ ಇವೆಲ್ಲ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ. ‘ಅವಾಸ್ಟ್ ಒಳ್ಳೆಯದೋ ಎವಿಜಿಯೋ’ ಎಂಬ ವಾದದಲ್ಲಿ ಹಾಗಾಗಿ ಹೆಚ್ಚು ಹುರುಳಿಲ್ಲ. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರಲ್ಲಿ ಆ ಅಂಗಸಂಸ್ಥೆಯನ್ನೇ ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕಾಗಿ 1.65 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಉಚಿತವೆಂಬುದರ ಬೆಲೆ ಎಲ್ಲಿಂದ ಬರುತ್ತದೆ ಎಂದು ಕೇಳುವುದೂ ಆಯ್ಕೆಯ ಭಾಗವೇ.

ಸ್ವಚ್ಛತಾ ತಂತ್ರಾಂಶಗಳ ಬಗ್ಗೆ ನನ್ನ ತೀರ್ಮಾನ ಒರಟಾಗಿದೆ: ಯಾವುದೂ ಬೇಡ. ಸಿಕ್ಲೀನರ್, ಮುಕ್ತ ತಂತ್ರಾಂಶವಾದ ಬ್ಲೀಚ್‌ಬಿಟ್, ವಿಂಡೋಸ್‌ನದೇ ಆದ ಸ್ಟೋರೇಜ್ ಸೆನ್ಸ್ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೊದಲೆರಡು ಹೆಚ್ಚು ಜಾಗ ಬಿಡಿಸಿಕೊಟ್ಟವು ನಿಜ. ಬಹುಪಾಲು ಬ್ರೌಸರಿನ ಕ್ಯಾಶ್, ಅಂದರೆ ನೋಡಿದ ಪುಟಗಳು ಬೇಗ ತೆರೆಯಲೆಂದು ಅದು ಉಳಿಸಿಟ್ಟ ಪ್ರತಿಗಳು. ಕೆಲವೇ ದಿನಗಳಲ್ಲಿ ಅದು ಮತ್ತೆ ತುಂಬಿಕೊಂಡಿತು. ಅಷ್ಟರವರೆಗೆ ನಾನು ದಿನವೂ ನೋಡುವ ಪುಟಗಳು ತೆರೆಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದವು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಶುದ್ಧೀಕರಣವಂತೂ ಶುದ್ಧ ನಂಬಿಕೆ. ಅಳಿಸುವ ನಮೂದುಗಳೆಲ್ಲ ಸೇರಿದರೂ ಒಂದು ಚಿತ್ರದಷ್ಟು ಗಾತ್ರವಿರುವುದಿಲ್ಲ. ತಪ್ಪಾದದ್ದನ್ನು ಅಳಿಸಿದರೆ ಪ್ರೋಗ್ರಾಮುಗಳು ಕೆಡುತ್ತವೆ. ಇಂಥ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ಬ್ಲೀಚ್‌ಬಿಟ್ ಮೂರರಲ್ಲಿ ಸಜ್ಜನ: ಏನನ್ನೂ ಮಾರುವುದಿಲ್ಲ, ಅಳಿಸುವ ಮುನ್ನ ಪಟ್ಟಿ ತೋರಿಸುತ್ತದೆ. ಆದರೆ ಖಾಲಿ ಜಾಗವನ್ನು ಒರೆಸಿಹಾಕುವ ಅದರ ಆಯ್ಕೆಯನ್ನು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಮೇಲೆ ಓಡಿಸಿದರೆ ಸವೆತವಲ್ಲದೆ ಬೇರೇನೂ ಸಿಗುವುದಿಲ್ಲ.

ಸಿಕ್ಲೀನರ್‌ನ ಚರಿತ್ರೆಯಲ್ಲಿ ಮರೆಯಬಾರದ ಇನ್ನೊಂದು ಸಂಗತಿ ಇದೆ. 2017ರಲ್ಲಿ ಅದರ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. ಅಧಿಕೃತ ತಾಣದಿಂದಲೇ, ಅಧಿಕೃತ ಡಿಜಿಟಲ್ ಸಹಿಯೊಂದಿಗೇ ಅದು ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ತಲುಪಿತು. ಅಗತ್ಯವಿಲ್ಲದ ಪ್ರತಿಯೊಂದು ತಂತ್ರಾಂಶವೂ ಕಳ್ಳರಿಗೆ ಇನ್ನೊಂದು ಬಾಗಿಲು ಎಂದು ನಾನು ಹೇಳುವುದು ಇದಕ್ಕೇ.

ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರ್‌ಗಳ ಅಪ್‌ಡೇಟರ್‌ಗಳು, ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಒಗ್ಗೂಡಿಸುವ ಡಿಫ್ರಾಗ್ ತಂತ್ರಾಂಶಗಳು ಇವನ್ನು ಹೋಲಿಸುವ ಗೋಜಿಗೇ ಹೋಗಲಿಲ್ಲ. ವಿಂಡೋಸ್ ಅಪ್‌ಡೇಟ್ ಮತ್ತು ತಯಾರಕರ ತಾಣ ಮೊದಲನೆಯದಕ್ಕೆ ಸಾಕು. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ (ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಎಂದು ಡಿಸ್ಕಿಗೆ ತಿಳಿಸುವ) ಕೆಲಸವನ್ನು ವಿಂಡೋಸ್ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಆರೈಕೆಯ ಸಾಲಿನಲ್ಲಿ ನಾನು ಉಳಿಸಿಕೊಂಡದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಒಂದನ್ನೇ. ಡಿಸ್ಕಿನ ಆರೋಗ್ಯ ಶೇಕಡಾ ಎಷ್ಟು, ಉಷ್ಣಾಂಶ ಎಷ್ಟು, ಈವರೆಗೆ ಎಷ್ಟು ಗಂಟೆ ಓಡಿದೆ ಎಂದು ಒಂದೇ ಕಿಟಕಿಯಲ್ಲಿ ತೋರಿಸುತ್ತದೆ. ಹೊಸ ಕಂಪ್ಯೂಟರ್ ಕೊಂಡವರು ಮೊದಲ ದಿನವೇ ಆ ಗಂಟೆಗಳ ಲೆಕ್ಕ ನೋಡುವುದು ಒಳ್ಳೆಯದು. ‘ಹೊಸದು’ ಎಂದು ಬಂದ ಡಿಸ್ಕ್ ಸಾವಿರಾರು ಗಂಟೆ ಓಡಿದ್ದರೆ ಮಾರಿದವರನ್ನು ಕೇಳುವ ಮಾತು ಇರುತ್ತದೆ.

ಅಪ್‌ಡೇಟ್ ಮಾಡುವ ತಂತ್ರಾಂಶವನ್ನು ನಾನು ಆರೈಕೆಯ ಪಟ್ಟಿಯಿಂದ ತೆಗೆದು ರಕ್ಷಣೆಯ ಪಟ್ಟಿಗೆ ಸೇರಿಸುತ್ತೇನೆ. 2017ರ ಮೇ 12ರಂದು ವಾನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನು ಕೆಡವಿದಾಗ, ಅದು ನುಸುಳಿದ ಬಿರುಕನ್ನು ಮುಚ್ಚುವ ತೇಪೆ ಬಿಡುಗಡೆಯಾಗಿ ಎರಡು ತಿಂಗಳಾಗಿತ್ತು. ವಿಂಡೋಸ್ ತನ್ನನ್ನು ತಾನು ನೋಡಿಕೊಳ್ಳುತ್ತದೆ. ಉಳಿದ ತಂತ್ರಾಂಶಗಳ ಗತಿ? ವಿಂಡೋಸ್ ಜೊತೆಗೇ ಬರುವ ವಿನ್‌ಗೆಟ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಎಲ್ಲವೂ ಹೊಸದಾಗುತ್ತವೆ, ಆದರೆ ಕಪ್ಪು ಕಿಟಕಿ ಕಂಡರೆ ಮನೆಯ ಉಳಿದವರು ದೂರ ಓಡುತ್ತಾರೆ. ಅದೇ ವಿನ್‌ಗೆಟ್‌ಗೆ ಮುಖ ಕೊಟ್ಟಂತಿರುವ ಯುನಿಗೆಟ್‌ಯುಐಯಲ್ಲಿ ಪಟ್ಟಿಗೆ ಗುರುತು ಹಾಕಿ ಒಂದು ಗುಂಡಿ ಒತ್ತಿದರಾಯಿತು. ನನ್ನ ಮತ ಎರಡನೆಯದಕ್ಕೆ.

ಬ್ರೌಸರಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಫೈರ್‌ಫಾಕ್ಸಿನಲ್ಲಿ ಅದು ಪೂರ್ಣವಾಗಿ ಸಿಗುತ್ತದೆ. ಕ್ರೋಮ್‌ನ ಹೊಸ ನಿಯಮಗಳಿಂದಾಗಿ ಅಲ್ಲಿ ಉಳಿದಿರುವುದು ಅದರ ಲೈಟ್ ಆವೃತ್ತಿ. ನಕಲಿ ‘ಡೌನ್‌ಲೋಡ್’ ಗುಂಡಿಗಳು ಕಣ್ಣಿಗೇ ಬೀಳದಿದ್ದರೆ ಅರ್ಧ ಅಪಾಯ ಕಳೆದಂತೆ.

ಪಾಸ್‌ವರ್ಡ್ ಮ್ಯಾನೇಜರುಗಳಲ್ಲಿ ಬಿಟ್‌ವಾರ್ಡನ್ ಮತ್ತು ಕೀಪಾಸ್‌ಎಕ್ಸ್‌ಸಿ ನಡುವೆ ತೂಗಿ ನೋಡಿದೆ. ಎರಡೂ ಮುಕ್ತ ತಂತ್ರಾಂಶಗಳು. ಕೀಪಾಸ್‌ಎಕ್ಸ್‌ಸಿಯಲ್ಲಿ ಎಲ್ಲ ಗುಟ್ಟುಗಳೂ ನಮ್ಮದೇ ಡಿಸ್ಕಿನ ಒಂದು ಫೈಲಿನಲ್ಲಿರುತ್ತವೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರಿನಿಂದ ಗ್ರಾಹಕರ ಗೂಢಲಿಪಿಯ ಭಂಡಾರಗಳ ಪ್ರತಿಗಳೇ ಕಳವಾದದ್ದನ್ನು ನೆನೆದರೆ ಇದು ಸಣ್ಣ ನೆಮ್ಮದಿಯಲ್ಲ. ಆದರೆ ಆ ಫೈಲನ್ನು ಮೊಬೈಲಿಗೆ ಸಾಗಿಸುವುದು, ಎರಡೂ ಕಡೆ ಬದಲಾದರೆ ಹೊಂದಿಸುವುದು ನಮ್ಮದೇ ಪಾಡು. ಬಿಟ್‌ವಾರ್ಡನ್ ಉಚಿತ ಖಾತೆಯಲ್ಲೇ ಎಷ್ಟು ಸಾಧನಗಳಲ್ಲಾದರೂ ಓಡುತ್ತದೆ. ಒಬ್ಬನೇ ಇದ್ದಿದ್ದರೆ ಕೀಪಾಸ್‌ಎಕ್ಸ್‌ಸಿ ಆರಿಸುತ್ತಿದ್ದೆ. ಮನೆಮಂದಿಗೆಲ್ಲ ಬೇಕಾದ್ದರಿಂದ ಬಿಟ್‌ವಾರ್ಡನ್.

ಇನ್ನು ಬ್ಯಾಕಪ್. ಮೈಕ್ರೋಸಾಫ್ಟಿನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್ ಇದೆಯಲ್ಲ ಎನ್ನುವವರು ಹೆಚ್ಚು. ಉಚಿತವಾಗಿ ಸಿಗುವುದು 5 ಜಿಬಿ. ಮೇಲಾಗಿ ಅದು ಸಿಂಕ್. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಅಳಿಸಿದ್ದನ್ನು ಅದರ ರೀಸೈಕಲ್ ಬಿನ್ 30 ದಿನ ಕಾಪಾಡುತ್ತದೆ. ಹಿಂದೆ ಎಲ್ಲರೂ ಹೇಳುತ್ತಿದ್ದ ಮ್ಯಾಕ್ರಿಯಮ್ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು ಕಂಪನಿ ಕೈಬಿಟ್ಟಿದೆ. ಉಳಿದದ್ದು ವಿಂಡೋಸ್‌ನ ಫೈಲ್ ಹಿಸ್ಟರಿ ಮತ್ತು ವೀಮ್ ಏಜೆಂಟ್‌ನ ಉಚಿತ ಆವೃತ್ತಿ.

ಫೈಲ್ ಹಿಸ್ಟರಿ ಈಗ ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿ ಬಿದ್ದಿದೆ, ಆದರೂ ಗಟ್ಟಿಮುಟ್ಟು. ಹೊರಗಿನ ಡ್ರೈವ್ ಸಿಕ್ಕಿಸಿಟ್ಟರೆ ಗಂಟೆಗೊಮ್ಮೆ ಬದಲಾದ ಫೈಲುಗಳ ಪ್ರತಿ ತೆಗೆದುಕೊಳ್ಳುತ್ತದೆ. ಬರೆದ ಲೇಖನವೊಂದರ ನಿನ್ನೆಯ ರೂಪ ಬೇಕಾದರೆ ಬಾಣದ ಗುರುತು ಒತ್ತುತ್ತ ಹಿಂದಕ್ಕೆ ಹೋಗಬಹುದು. ಇದರಷ್ಟು ಸಲೀಸು ವೀಮ್‌ನಲ್ಲಿಲ್ಲ. ಆದರೆ ಡಿಸ್ಕೇ ಹೋದರೆ ಫೈಲ್ ಹಿಸ್ಟರಿ ವಿಂಡೋಸನ್ನು, ಹಾಕಿಕೊಂಡ ತಂತ್ರಾಂಶಗಳನ್ನು ಮರಳಿ ಕೊಡುವುದಿಲ್ಲ. ಡ್ರೈವ್ ಸದಾ ಸಿಕ್ಕಿಕೊಂಡೇ ಇರಬೇಕಾದ್ದರಿಂದ ರಾನ್ಸಮ್‌ವೇರ್ ಬಂದರೆ ಅದಕ್ಕೂ ಕೈಹಾಕುತ್ತದೆ. ವೀಮ್ ಇಡೀ ಡಿಸ್ಕಿನ ಪ್ರತಿ ತೆಗೆಯುತ್ತದೆ, ಬ್ಯಾಕಪ್ ಮುಗಿದೊಡನೆ ಹೊರಗಿನ ಡ್ರೈವನ್ನು ತಾನೇ ಇಜೆಕ್ಟ್ ಮಾಡುವ ಆಯ್ಕೆಯನ್ನೂ ಕೊಡುತ್ತದೆ. ಆ ಒಂದು ಗುರುತಿನ ಚೌಕವೇ ನನ್ನನ್ನು ಗೆದ್ದಿತು. ಈಗ ಎರಡು ಡ್ರೈವ್‌ಗಳಿವೆ: ದಿನದ ಕೆಲಸಕ್ಕೆ ಫೈಲ್ ಹಿಸ್ಟರಿ, ವಾರಕ್ಕೊಮ್ಮೆ ಸಿಕ್ಕಿಸಿ ತೆಗೆದಿಡುವ ಇನ್ನೊಂದಕ್ಕೆ ವೀಮ್.

ಬ್ಯಾಕಪ್ ಮರಳುತ್ತದೋ ಇಲ್ಲವೋ ನೋಡದೆ ಹೋಲಿಕೆ ಮುಗಿಯದು. ವೀಮ್‌ನ ರಿಕವರಿ ಯುಎಸ್‌ಬಿ ಮಾಡಿಕೊಂಡು, ಅದರಿಂದ ಬೂಟ್ ಮಾಡಲು ಯುಇಎಫ್‌ಐಯಲ್ಲಿ (ವಿಂಡೋಸ್‌ಗಿಂತ ಮೊದಲೇ ಏಳುವ, ಯಂತ್ರದ ಮೂಲ ಸೆಟ್ಟಿಂಗುಗಳ ತಂತ್ರಾಂಶ) ಸೆಕ್ಯೂರ್ ಬೂಟ್ ಮುಂತಾದವನ್ನು ಮುಟ್ಟಿದೆ. ಮರುಬಾರಿ ವಿಂಡೋಸ್ ಏಳುವ ಬದಲು ನೀಲಿ ಪರದೆಯೊಂದು 48 ಅಂಕಿಗಳ ರಿಕವರಿ ಕೀ ಕೇಳಿತು. ವಿಂಡೋಸ್ 11 ಹೋಮ್‌ನಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಯಂತ್ರಕ್ಕೆ ಅರ್ಹತೆ ಇದ್ದಲ್ಲಿ, ಡಿಸ್ಕ್ ಸದ್ದಿಲ್ಲದೆ ಗೂಢಲಿಪಿಗೆ ತಿರುಗುತ್ತದೆ. ಕೀ ಆ ಖಾತೆಯಲ್ಲಿ ಕುಳಿತಿರುತ್ತದೆ. ಖಾತೆಯ ಪಾಸ್‌ವರ್ಡ್ ಅದೇ ಕಂಪ್ಯೂಟರಿನೊಳಗೆ ಮಾತ್ರ ಇದ್ದರೆ ಮಾಡಬಹುದಾದ್ದು ಹೆಚ್ಚೇನೂ ಉಳಿಯುವುದಿಲ್ಲ. ಮೊಬೈಲಿನಲ್ಲಿ ಖಾತೆ ತೆರೆದು ಕೀ ತೆಗೆದು ಟೈಪ್ ಮಾಡಿದೆ. ವೀಮ್ ಹಾಕುವ ಮುನ್ನವೇ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಯಾವ ಬ್ಯಾಕಪ್ ತಂತ್ರಾಂಶ ಆರಿಸಿದರೂ ಅದು ಬೇಕಾಗಬಹುದು.